ಎಣ್ಣೆಗೊಂದು ಹಿಡಿ

"ವಿಮಾನದೋರು ಎಣ್ಣೆನ ತೂಕ ಆಕ್ತರಂತೆ ಕಣೇ, ಲೀಟ್ರಲ್ಲಿ ಅಳೆಯಕಿಲ್ವಂತೆ."

ಊಟದ ನಡುವೆ ನನ್ನ ಗಂಡ ಹೀಗೆಂದಾಗ ಅವರ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನ ಮೇಲೆ ಹಾಗೇ ನಿಂತಿತ್ತು. ಡ್ರೈವರುಗಳ ಬಾಯಲ್ಲಿ ಡೀಸೆಲ್ ಎಂದೂ ಡೀಸೆಲ್ ಅಲ್ಲ, ಅದು ಎಣ್ಣೆ. ಇವರು ಸರ್ಕಾರಿ ಬಸ್ಸು ಓಡಿಸಿದವರು, ನಾನು ಹನೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಮದುವೆಯಾದಾಗಿನಿಂದ ನಮ್ಮಿಬ್ಬರಿಗೂ ಒಟ್ಟಿಗೆ ಕುತೂಹಲ ಹುಟ್ಟಿಸಿದ ಪ್ರಶ್ನೆಗಳು ಕಡಿಮೆ. ಇದು ಹುಟ್ಟಿಸಿತು. ಎಣ್ಣೆಯನ್ನು ಯಾಕೆ ತೂಗಬೇಕು? ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಫೋನು ಹಿಡಿದು ಹುಡುಕಿದೆ. ಬಿಸಿಲಿಗೆ ಎಣ್ಣೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಮಧ್ಯಾಹ್ನದ ಒಂದು ಲೀಟರೂ ಬೆಳಗಿನ ಜಾವದ ಒಂದು ಲೀಟರೂ ಒಂದೇ ಅಲ್ಲ. ತೂಕ ಮಾತ್ರ ಎಲ್ಲಿದ್ದರೂ ಅಷ್ಟೇ, ಮತ್ತು ಮೇಲೆ ಹಾರಬೇಕಾದವನಿಗೆ ಬೇಕಾಗಿರುವುದು ತೂಕದ ಲೆಕ್ಕ. ಇಷ್ಟು ದಿನ ಇದನ್ನು ಯೋಚಿಸದೆ ಹೇಗೆ ಟೀಚರಾಗಿದ್ದೆನೋ ಅಂತ ನನಗೇ ಆಶ್ಚರ್ಯವಾಯಿತು.

ಆ ಹೊತ್ತಿಗೆ ಇವರನ್ನು ಬಸ್ಸಿನಿಂದ ಇಳಿಸಿ ವರ್ಷದ ಮೇಲಾಗಿತ್ತು. ಕೊಳ್ಳೇಗಾಲದಲ್ಲಿ ಹೊರಟು, ಹನೂರು, ನಮ್ಮ ಕೌದಳ್ಳಿ, ಆಮೇಲೆ ಮಾದಪ್ಪನ ಬೆಟ್ಟ ದಾಟಿ ಗೋಪಿನಾಥಂ ಮುಟ್ಟುವ ಬಸ್ಸು ಇವರದ್ದಾಗಿತ್ತು. ಯಾರಿಗೂ ಗುದ್ದಿದವರಲ್ಲ. ಒಮ್ಮೆ ಎಡಗಡೆಯಿಂದ ಒಂದು ಕರು ಬಂದದ್ದು ಕಾಣಲಿಲ್ಲ, ಕಂಡಕ್ಟರು ಕೂಗಿದ್ದರಿಂದ ಬ್ರೇಕು ಹಾಕಿದರು. ಅದಾದ ಮೇಲೆ ಬಂದ ಕಣ್ಣಿನ ತಪಾಸಣೆಯಲ್ಲಿ ವಿಷಯ ಹೊರಬಿತ್ತು. ಮೈಸೂರಿನ ಡಾಕ್ಟರು ಗ್ಲಾಕೋಮಾ ಅಂದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆದಿದೆ, ನೆಟ್ಟಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಹೋಗಿದೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ದಿನಾ ತಪ್ಪದೆ ಡ್ರಾಪ್ಸ್ ಹಾಕಿಕೊಳ್ಳಬೇಕು ಎಂದು ಹೇಳಿ, ಕಾಗದದ ಮೇಲೆ 'ಅನ್‌ಫಿಟ್' ಅಂತ ಬರೆದರು.

ಇವರಿಗೆ ಕಾಯಿಲೆಗಿಂತ ಆ ಮಾತು ಹೆಚ್ಚಾಗಿ ತಾಗಿತು. ಡಿಪೋದವರು ಕೆಲಸ ತೆಗೆಯಲಿಲ್ಲ, ಕೊಳ್ಳೇಗಾಲದಲ್ಲೇ ಡೀಸೆಲ್ ಪಂಪಿನ ಹತ್ತಿರ ಕೂರಿಸಿದರು. ಬೇರೆಯವರ ಬಸ್ಸಿಗೆ ಎಣ್ಣೆ ಹಿಡಿಯುವುದು, ಯಾರ ಬಸ್ಸು ಲೀಟರಿಗೆ ಎಷ್ಟು ಓಡಿತು ಅಂತ ನೋಡುವುದು. ಬರುವ ಡ್ರೈವರುಗಳೆಲ್ಲ "ಏನಣ್ಣ, ನೆರಳಲ್ಲಿದ್ದೀಯ, ಪುಣ್ಯವಂತ" ಅನ್ನುತ್ತಿದ್ದರು. ಇವರು ನಗುತ್ತಿದ್ದರು, ಮನೆಗೆ ಬಂದು ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದರು. ಡ್ರಾಪ್ಸಿನ ಬಾಟಲಿ ದೇವರ ಫೋಟೋ ಪಕ್ಕದಲ್ಲಿ ಹಾಗೇ ಇರುತ್ತಿತ್ತು. ನಾನು ಜ್ಞಾಪಿಸಿದರೆ, "ಓಗಿದ್ದು ಬರಕಿಲ್ಲ ಅಂದ್ಮೇಲೆ ಅದ್ಯಾತಕೆ ಬುಡು" ಅನ್ನುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಬೈದು ಹಾಕುತ್ತಿದ್ದೆ. ಬೈದ ದಿನ ಹಾಕಿಸಿಕೊಳ್ಳುತ್ತಿದ್ದರು, ನಾನು ಸುಸ್ತಾಗಿ ಸುಮ್ಮನಿದ್ದ ದಿನ ಇಲ್ಲ. ಒಳಗೊಳಗೇ ನನಗೆ ತುಂಬ ಭಯವಿತ್ತು.

ವಿಮಾನ ನಮ್ಮ ಮನೆಗೆ ಬಂದದ್ದು ಡಿಪೋದ ಕಂಪ್ಯೂಟರು ನೋಡಿಕೊಳ್ಳುವ ಇವರ ಗೆಳೆಯರಿಂದ. ಅವರ ಬಳಿ ವಿಮಾನ ಓಡಿಸುವ ಸಿಮ್ಯುಲೇಟರ್ ಇತ್ತು. ಆಟವೇ, ಆದರೆ ಒಳಗಿರುವುದೆಲ್ಲ ನಿಜದ ಹಾಗೆ: ಗುಂಡಿಗಳು, ದೀಪಗಳು, ಗಾಳಿ, ಮೋಡ, ನಿಜವಾದ ಊರು ಹೊಳೆ ಬೆಟ್ಟ. ಒಂದು ಭಾನುವಾರ ಇವರು ಅಲ್ಲಿ ಕೂತು ನೋಡಿದರು. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡರೆ ಇಡೀ ಲೋಕ ಆ ಪರದೆಯೊಳಗೇ ಇತ್ತು. ಪಕ್ಕದಿಂದ ಕರು ಬರುವ ಹಾಗಿರಲಿಲ್ಲ. ಇವರಿಗೆ ಉಳಿದಿದ್ದ ನೋಟಕ್ಕೆ ಆ ಪರದೆಯ ಬಹುಪಾಲು ಸಿಕ್ಕುತ್ತಿತ್ತು, ಮೂಲೆಗಳು ಮಾತ್ರ ತಪ್ಪುತ್ತಿದ್ದವು. ಮನೆಗೆ ಬಂದವರೇ "ನಮಗೂ ಒಂದು ಕಂಪ್ಯೂಟ್ರು ಬೇಕಲ್ಲ" ಅಂದರು. ಆ ವರ್ಷವೆಲ್ಲ ಇವರು ಬಾಯಿಬಿಟ್ಟು ಕೇಳಿದ್ದು ಅದೊಂದೇ, ನಾನು ಎರಡು ಮಾತಾಡಲಿಲ್ಲ.

ಹಾರಿಸುವುದು ಇವರ ಕೆಲಸವಾಯಿತು, ಎಣ್ಣೆಯ ಲೆಕ್ಕ ನನ್ನದಾಯಿತು. ಯಾರೂ ಹಂಚಿಕೊಟ್ಟದ್ದಲ್ಲ. ನಾನು ಆ ಲೆಕ್ಕದ ರುಚಿಗೆ ಬಿದ್ದೆ, ಅಷ್ಟೇ.

ಅದೊಂದು ಸೊಗಸಾದ ಲೆಕ್ಕ. ಬಸ್ಸಿಗಾದರೆ ಟ್ಯಾಂಕು ತುಂಬಿಸಿ ಹೊರಟರೆ ಮುಗಿಯಿತು. ವಿಮಾನಕ್ಕೆ ಹಾಗೆ ತುಂಬಿಸುವುದಿಲ್ಲ. ಊರಿಂದೂರಿಗೆ ಹೋಗಲು ಬೇಕಾದದ್ದು ಒಂದು ಪಾಲು. ರನ್‌ವೇವರೆಗೆ ನೆಲದ ಮೇಲೆ ಉರುಳಿಕೊಂಡು ಹೋಗುವುದಕ್ಕೆ ಸ್ವಲ್ಪ. ಎದುರುಗಾಳಿ ಹೆಚ್ಚಾದರೆ, ದಾರಿ ಸುತ್ತಾದರೆ ಅಂತ ಇನ್ನು ಸ್ವಲ್ಪ. ಹೋದ ಊರಲ್ಲಿ ಇಳಿಯಲಾಗದಿದ್ದರೆ ಪಕ್ಕದ ಊರಿಗೆ ಹೋಗಬೇಕಲ್ಲ, ಅದಕ್ಕೊಂದು ಪಾಲು. ಇಷ್ಟೂ ಮುಗಿದ ಮೇಲೆ ಅರ್ಧ ಗಂಟೆ ಹಾರುವಷ್ಟು ಎಣ್ಣೆ ಉಳಿದಿರಬೇಕು, ಅದನ್ನು ಮುಟ್ಟುವ ಹಾಗೇ ಇಲ್ಲ. ಅದನ್ನು ಓದಿದಾಗ ನನಗೆ ನೆನಪಾದದ್ದು ಬಿತ್ತನೆಗೆ ತೆಗೆದಿಟ್ಟ ರಾಗಿ. ಎಷ್ಟೇ ಹಸಿವಾದರೂ ಆ ಮಡಕೆಗೆ ಕೈ ಹಾಕುವುದಿಲ್ಲ.

ಹಾಗಾದರೆ ಎಲ್ಲವನ್ನೂ ಧಾರಾಳವಾಗಿ ಹಾಕಿಬಿಟ್ಟರೆ? ಅಲ್ಲೇ ಇರುವುದು ಚೋದ್ಯ. ಎಣ್ಣೆಯನ್ನು ಹೊರುವುದಕ್ಕೂ ಎಣ್ಣೆ ಬೇಕು. ದೂರದ ದಾರಿಗೆ ಒಂದು ಟನ್ನು ಹೆಚ್ಚಿಗೆ ಹಾಕಿದರೆ ಹೋಗಿ ಇಳಿಯುವಾಗ ಒಂದು ಟನ್ನು ಉಳಿದಿರುವುದಿಲ್ಲ, ತನ್ನನ್ನು ತಾನೇ ಹೊತ್ತುಕೊಂಡು ಬರಲು ಅದು ತನ್ನಲ್ಲೇ ಒಂದಿಷ್ಟನ್ನು ಸುಟ್ಟುಕೊಂಡಿರುತ್ತದೆ. ಇನ್ನೊಂದು ತೊಡಕೂ ಇದೆ. ಏರುವಾಗ ಹೊತ್ತುಕೊಂಡಷ್ಟು ಭಾರವನ್ನು ಇಳಿಯುವಾಗ ಹೊತ್ತಿರುವಂತಿಲ್ಲ. ಇಳಿಯುವ ತೂಕಕ್ಕೊಂದು ಮಿತಿ, ಅದು ಏರುವ ತೂಕದ ಮಿತಿಗಿಂತ ಬಹಳ ಕಡಿಮೆ. ಮೀರಿದರೆ ನೆಲಕ್ಕೆ ಕುಕ್ಕುವ ಚಕ್ರದ ಕಾಲುಗಳು ತಡೆಯುವುದಿಲ್ಲ. ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಎಷ್ಟು ಚೆನ್ನಾಗಿರುತ್ತದೆ ಅನ್ನಿಸುತ್ತಿತ್ತು, ಆದರೆ ಪರೀಕ್ಷೆಗೆ ಬರುವುದಿಲ್ಲವಲ್ಲ.

ಇವರ ಕುತೂಹಲ ಬೇರೆ ಥರದ್ದು. ನನ್ನ ಲೆಕ್ಕದಲ್ಲಿ ಪ್ರಯಾಣಿಕರ ಸಂಖ್ಯೆ ಇರುತ್ತದೆ. ತಲೆಗಿಷ್ಟು ತೂಕ, ಲಗೇಜಿಗಿಷ್ಟು ಅಂತ ಹಿಡಿಯುತ್ತಾರೆ.

"ತಲೆಗೆ ಇಷ್ಟೇ ಅಂದ್ರೆ ಎಂಗೆ? ಗೋಪಿನಾಥದಲ್ಲಿ ಅತ್ತೋರು ಒಬ್ಬೊಬ್ರು ಒಂದೊಂದು ಮೂಟೆ ತತ್ತಿದ್ರು. ಮೀನಿನ ಬುಟ್ಟಿ ಬೇರೆ."

"ವಿಮಾನದಲ್ಲಿ ಯಾರೂ ಮೀನಿನ ಬುಟ್ಟಿ ತರಲ್ಲ ಕಣ್ರೀ."

"ನಿಂಗೊತ್ತಾ? ನೋಡಿದ್ದೀಯಾ?"

ನೋಡಿರಲಿಲ್ಲ. ನಾವಿಬ್ಬರೂ ಈ ತನಕ ವಿಮಾನ ಹತ್ತಿದವರಲ್ಲ.

ಈಗ ಅತ್ತೆಯ ವಿಷಯ ಹೇಳಬೇಕು, ಅವರಿಲ್ಲದೆ ಈ ಕಥೆಯೇ ಇಲ್ಲ. ನಮ್ಮ ಮನೆ ಇರುವುದು ಬೆಟ್ಟದ ರಸ್ತೆಗೇ ಮುಖ ಮಾಡಿ. ಮಾದಪ್ಪನ ಭಕ್ತರ ಪರಸೆ ಕಾಲ್ನಡಿಗೆಯಲ್ಲಿ ಈ ದಾರಿಯಲ್ಲೇ ಹೋಗುತ್ತದೆ. ಜಗಲಿ ಕಂಡ ಕಡೆ ಜನ ಕೂರುತ್ತಾರೆ. ಯಾವಾಗ ಯಾರು ಬಂದು ಕೂತಾರೋ ಅಂತ ಈ ಮನೆಯ ಹೆಂಗಸರು ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುವುದು ರೂಢಿ. ಅಷ್ಟಾದರೆ ಸರಿಯೇ. ಆದರೆ ಅದನ್ನು ಹಾಕಿದವರು ಹಾಕಿದೆ ಅಂತ ಹೇಳಬಾರದು. ಹೇಳಿದರೆ ಪುಣ್ಯ ಹೋಯಿತು. ಹಾಗಾಗಿ ಒಲೆಯ ಹತ್ತಿರ ಬಂದ ಪ್ರತಿಯೊಬ್ಬರೂ ಬೇರೆಯವರು ಹಾಕಿದ್ದು ಗೊತ್ತಿಲ್ಲದೆ ತಮ್ಮ ಪಾಲಿನ ಹಿಡಿ ಹಾಕುತ್ತಾರೆ. ಗಂಡಸರೂ ಹಾಕುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅನ್ನ ಪಾತ್ರೆ ಮೀರಿ ಮುಚ್ಚಳ ಎತ್ತಿಕೊಂಡು ಬರುತ್ತಿತ್ತು.

ನನ್ನ ತವರು ಯಳಂದೂರು. ನಮ್ಮಮ್ಮ ಪಾವಿನ ತಲೆಯನ್ನು ಬೆರಳಲ್ಲಿ ಸವರಿ ಸಮ ಮಾಡಿಯೇ ಅಕ್ಕಿ ಹಾಕಿದವರು. ಒಂದು ಅಗುಳು ಉಳಿದರೆ ಅದು ಅಳತೆಯ ತಪ್ಪು. ಅಂಥ ಮನೆಯಿಂದ ಬಂದ ನನಗೆ ಇಲ್ಲಿಯ ದರಬಾರು ಕಂಡು ಮೈಯೆಲ್ಲ ಉರಿಯುತ್ತಿತ್ತು. ದಿನಾ ತಂಗಳನ್ನ, ದಿನಾ ಚಿತ್ರಾನ್ನ. ಒಮ್ಮೆ ಅತ್ತೆಗೆ ನೇರವಾಗಿಯೇ ಕೇಳಿದೆ, "ಯಾರು ಎಷ್ಟು ಹಾಕಿದ್ರು ಅಂತ ಒಂದು ಮಾತು ಹೇಳಿಕೊಂಡ್ರೆ ಏನು ಗಂಟು ಹೋಗುತ್ತೆ?" ಅಂತ. ಅತ್ತೆ ಬೈಯಲಿಲ್ಲ. "ಕೈ ಕೊಟ್ಟಿದ್ದ ಬಾಯಿ ಯೋಳಬಾರ್ದು ಕಣವ್ವ" ಅಂದರು, ಹೋಗಿ ಇನ್ನೊಂದು ಹಿಡಿ ಹಾಕಿದರು. ವರ್ಷಗಳು ಕಳೆದವು. ನಾನೂ ಈ ಮನೆಯವಳೇ ಆದೆ, ನನ್ನ ಕೈಯೂ ಹಾಗೇ ಆಯಿತು, ಯಾವಾಗ ಆಯಿತು ಅಂತ ಗೊತ್ತಿಲ್ಲ.

ಕಂಪ್ಯೂಟರು ನಡುಮನೆಯಲ್ಲಿತ್ತು. ಅತ್ತೆ ಇವರ ಹಿಂದೆ ಗೋಡೆಗೊರಗಿ ಕೂತು ಮಗ ಮೋಡದೊಳಗೆ ಹೋಗುವುದನ್ನು ನೋಡುತ್ತಿದ್ದರು. ಅವರಿಗೆ ಒಂದೇ ವಿಷಯ ಬೇಕಿತ್ತು.

"ಎಷ್ಟು ಜನ ಅವ್ರೆ ಅದ್ರಲ್ಲಿ?"

"ನೂರೆಪ್ಪತ್ತು ಚಿಲ್ರೆ ಕಣವ್ವ."

"ಅಷ್ಟು ಜನವ ಕೂರುಸ್ಕೊಂಡು ಅಳತೆ ಮಾಡಿ ಎಣ್ಣೆ ಆಕ್ತರಾ? ಒಳ್ಳೆ ಯಳಂದೂರೋರ ಕತೆಯಾಯ್ತು."

ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ನಾನು ಮರ್ಯಾದೆಯಿಂದ ಲೆಕ್ಕ ಮುಂದುವರಿಸಿದೆ.

ಇಂಥ ಸಿಮ್ಯುಲೇಟರಿನವರದ್ದೇ ಒಂದು ಕನ್ನಡದ ಗುಂಪಿದೆ ಅಂತ ಇವರಿಗೆ ಹೇಗೋ ತಿಳಿಯಿತು. ಅಲ್ಲಿ ಸೇರಿದವರು ಒಂದು ಕಂಪನಿಯ ಪೈಲಟ್ಟುಗಳ ಹಾಗೆ ವೇಳಾಪಟ್ಟಿ ಹಾಕಿಕೊಂಡು ಹಾರಿಸುತ್ತಾರೆ. ಸೇರಬೇಕಾದರೆ ಒಂದು ಪರೀಕ್ಷೆ. ನಮ್ಮ ಕಂಪ್ಯೂಟರನ್ನು ತಮ್ಮದಕ್ಕೆ ಜೋಡಿಸಿಕೊಂಡು ಪರೀಕ್ಷಕರೊಬ್ಬರು ಪೂರ್ತಿ ಹಾರಾಟ ನೋಡುತ್ತಾರೆ. ನಡುವೆ ಬೇಕೆಂದೇ ಯಾವುದಾದರೂ ಎಚ್ಚರಿಕೆಯ ದೀಪ ಹೊತ್ತಿಸುತ್ತಾರೆ, ಕಂಡುಹಿಡಿಯುತ್ತೀರಾ ಅಂತ. ಎಣ್ಣೆಯ ಲೆಕ್ಕವನ್ನು ಬೇರೆಯವರು ಮಾಡಿಕೊಡಬಹುದು, ನಿಜದ ವಿಮಾನಗಳಲ್ಲೂ ಹಾಗೇ ಅಂತೆ. ಆದರೆ ಹಾರುವಾಗ ಯಾರೂ ಪಕ್ಕದಲ್ಲಿ ಹೇಳಿಕೊಡಬಾರದು.

ಇವರು ಹೆಸರು ಕೊಟ್ಟು ಬಂದರು. ಕಣ್ಣಿನ ವಿಷಯ ಹೇಳಿ ಎಂದೆ.

"ಬ್ಯಾಡ. ಯೋಳುದ್ರೆ ಪಾಪ ಅಂತ ಪಾಸ್ ಮಾಡ್ತರೆ" ಅಂದರು. ಮತ್ತೆ ಅವರೇ, "ಗೊತ್ತಿಲ್ದೋರು ಯಾರಾದ್ರೂ ನಾನು ಓಡ್ಸದ ನೋಡಿ ಸರಿಯಾಗದೆ ಅನ್ಬೇಕು ಕಣೇ. ಒಂದ್ಸಲ. ಇದ್ರಲ್ಲೂ ಕಣ್ಣೇ ಸರಿಯಿಲ್ಲ ಅಂದ್ರೆ ಈ ಕಂಪ್ಯೂಟ್ರ ಯಾರ್ಗಾದ್ರೂ ಕೊಟ್ಬುಡು, ಆ ಡ್ರಾಪ್ಸ್ ಬಾಟ್ಲೀನೂ ಎಸ್ದುಬುಡು" ಅಂದರು.

ಅಭ್ಯಾಸದಲ್ಲಿ ಮೂಲೆಯ ದೀಪಗಳನ್ನು ಇವರು ಎಷ್ಟೋ ಸಲ ಕಾಣದೆ ಬಿಟ್ಟದ್ದನ್ನು ನಾನೇ ನೋಡಿದ್ದೆ. ನಾನು ಹೇಳಿದರೆ ಮಾತ್ರ ಕಾಣುತ್ತಿತ್ತು. ಆಮೇಲಿನ ದಿನಗಳಲ್ಲಿ ಕೋಳಿ ಕಾಳು ಹೆಕ್ಕುವಾಗ ಕತ್ತು ಆಡಿಸುವಂತೆ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಲೇ ಇರುವುದನ್ನು ಇವರು ರೂಢಿ ಮಾಡಿಕೊಂಡರು. ಊಟ ಮಾಡುವಾಗಲೂ ತಲೆ ಹಾಗೇ ಆಡುತ್ತಿತ್ತು. ಅತ್ತೆ "ಇದೇನ್ಲಾ, ಯಾರಾದ್ರೂ ನಿನ್ನ ಮುದ್ದೆ ಕದ್ದಾರು ಅಂತವಾ?" ಅನ್ನುತ್ತಿದ್ದರು.

ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆಗೆ ನಿಗದಿಯಾಯಿತು. ದೆಹಲಿಯಿಂದ ಕೊಯಮತ್ತೂರಿಗೆ, ಸೀಟೆಲ್ಲ ತುಂಬಿದ ವಿಮಾನ. ಬದಲಿ ಊರು ಬೆಂಗಳೂರು. ನಾನು ಹಿಂದಿನ ದಿನವೇ ಕೂತು ಗಾಳಿ ನೋಡಿ, ತೂಕ ನೋಡಿ ಲೆಕ್ಕ ಮುಗಿಸಿದೆ. ತಲೆ ಸವರಿದ ಪಾವಿನ ಹಾಗಿತ್ತು ಲೆಕ್ಕ. ಕಾಗದ ಇವರ ಕೈಗೆ ಕೊಡುವ ಮುಂಚೆ ಒಂದು ಸಲ ಇವರ ಮುಖ ಕಣ್ಣ ಮುಂದೆ ಬಂತು. ದೀಪ ಹುಡುಕುತ್ತ ಎಲ್ಲಾದರೂ ತಡವಾಗಿ, ಎಣ್ಣೆ ಸಾಲದೆ ಬಂದರೆ? ಹತ್ತು ನಿಮಿಷ ಹಾರುವಷ್ಟನ್ನು ಹೆಚ್ಚಿಗೆ ಸೇರಿಸಿದೆ. ಒಂದು ಹಿಡಿ. ಅಷ್ಟಕ್ಕೆ ಇಳಿಯುವ ತೂಕ ಮೀರುವುದಿಲ್ಲ ಅಂತ ನೋಡಿಯೇ ಸೇರಿಸಿದ್ದು. ಇವರಿಗೆ ಹೇಳಲಿಲ್ಲ.

ಸಂಜೆ ಅವರೆಕಾಯಿ ಬಿಡಿಸುವಾಗ ಅತ್ತೆ ಮೆಲ್ಲಗೆ, "ನಾಳೆ ಮಗನ ವಿಮಾನಕ್ಕೆ ನನ್ನೆಸ್ರಲ್ಲೂ ಒಂದು ಇಡಿ ಆಕವ್ವ. ಅವ್ನಿಗೆ ಯೋಳಬ್ಯಾಡ" ಅಂದರು. ಹಿರಿಯರ ಮಾತು. ಇನ್ನೊಂದು ಹಿಡಿಗೂ ಜಾಗವಿತ್ತು, ಹಾಕಿದೆ. ಈಗ ಇಳಿಯುವ ತೂಕ ಮಿತಿಯ ಅಂಚಿಗೆ ಬಂತು, ಆದರೆ ದಾಟಲಿಲ್ಲ. ನನ್ನ ಲೆಕ್ಕದ ಮೇಲೆ ನನಗೆ ನಂಬಿಕೆಯಿತ್ತು.

ಬೆಳಿಗ್ಗೆ ಪರೀಕ್ಷಕರ ದನಿ ಸ್ಪೀಕರಿನಲ್ಲಿ ಬಂತು. ಮಂಗಳೂರು ಕಡೆಯ ಹೆಂಗಸು. ಮೆತ್ತಗಿನ ದನಿ, ಆದರೆ ಕೇಳಿದ ಪ್ರಶ್ನೆಗಳು ಮೆತ್ತಗಿರಲಿಲ್ಲ. ನಾನೂ ಅತ್ತೆಯೂ ಗೋಡೆಯ ಪಕ್ಕ ಕೂತೆವು. ಮಾತಾಡಬೇಡಿ ಅಂತ ಅತ್ತೆಗೆ ಮೊದಲೇ ಹೇಳಿದ್ದೆ. ಇವರು ಇಂಜಿನ್ನು ಚಾಲೂ ಮಾಡಿದರು, ಏರಿಸಿದರು. ದೆಹಲಿಯ ಮಬ್ಬು ಕೆಳಗುಳಿಯಿತು. ತಲೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಬಹಳ ಹೊತ್ತು ಏನೂ ಆಗಲಿಲ್ಲ. ನಾಗಪುರ ದಾಟಿದ ಮೇಲೆ ಪರದೆಯ ಎಡಮೂಲೆಯಲ್ಲಿ ಒಂದು ಕೆಂಪು ದೀಪ ಹೊತ್ತಿತು.

ನನಗೆ ಕಾಣಿಸಿತು. ಇವರ ತಲೆ ಆಗ ಬಲಕ್ಕೆ ತಿರುಗಿತ್ತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಕೂಗಿಬಿಡುತ್ತೇನೇನೋ ಅನ್ನಿಸಿತ್ತು. ತಲೆ ನಿಧಾನವಾಗಿ ಎಡಕ್ಕೆ ಬಂತು, ನಿಂತಿತು.

"ಮೇಡಂ, ಎಡಗಡೆ ಜನರೇಟರ್ ಲೈಟು ಬಂದದೆ. ಪಟ್ಟಿ ನೋಡಿ ಸರಿ ಮಾಡ್ತೀನಿ" ಅಂದರು, ಬೆಟ್ಟದ ತಿರುವಿನಲ್ಲಿ ಹಾರ್ನ್ ಹಾಕಿದಷ್ಟೇ ಸಹಜವಾಗಿ. ಮಾಡಿದರು. ದೀಪ ಆರಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಯಾಕೆ ಅಂತ ಅವರಿಗೆ ತಿಳಿಯಲಿಲ್ಲ, ಆದರೂ ಬಿಡಿಸಿಕೊಳ್ಳಲಿಲ್ಲ.

ಇನ್ನೇನು ಗೆದ್ದೆವು ಅಂದುಕೊಂಡೆ. ಕೊಯಮತ್ತೂರಿಗೆ ಇಳಿಸಲು ತಯಾರಾಗುತ್ತ ಇವರು ಪರದೆಗೆ ಮುಖ ಹತ್ತಿರ ಮಾಡಿ ಏನೋ ಓದಿದರು. ಮತ್ತೆ ಓದಿದರು.

"ಮೇಡಂ, ಇಳಿಯೋ ತೂಕ ಲಿಮಿಟ್ಟು ಮೀರದೆ. ಎಣ್ಣೆ ಜಾಸ್ತಿ ಉಳ್ದದೆ. ಕರಗೋಗಂಟ ಸುತ್ತಾಕ್ಬೇಕು."

ಪರೀಕ್ಷಕರು ಕೇಳಿದರು, "ಇದನ್ನು ಹೊರಡುವ ಮೊದಲೇ ನೋಡಬೇಕಿತ್ತಲ್ಲ ಮಾರಾಯ್ರೆ? ಆಯ್ತು, ಸುತ್ತಿ. ಈಗ ಪರೀಕ್ಷೆಯ ಭಾಗ ಏನಿಲ್ಲ, ಬೇಕಾದರೆ ಮನೆಯವರ ಹತ್ತಿರ ಮಾತಾಡಿ. ನಾನೊಂದು ಚಾ ಕುಡಿದು ಬರ್ತೇನೆ."

ಹೇಗೆ ಸಾಧ್ಯ? ನಾನು ಕೊಟ್ಟ ಲೆಕ್ಕ ಅಂಚಿನೊಳಗೇ ಇತ್ತು. ಎದ್ದು ಹೋಗಿ ನೋಡಿದರೆ ಟ್ಯಾಂಕಿನಲ್ಲಿ ನನ್ನ ಕಾಗದಕ್ಕಿಂತ ಹೆಚ್ಚು ಎಣ್ಣೆ.

"ರೀ, ನೀವೇನಾದ್ರೂ ಸೇರಿಸಿದ್ರಾ?"

ಇವರು ನನ್ನ ಮುಖ ನೋಡಲಿಲ್ಲ. "ಒಂದಿಷ್ಟು. ಎಣ್ಣೆ ತುಂಬುವಾಗ."

"ಎಷ್ಟು?"

"ನಂದೊಂದು ಇಡಿ. ಅವ್ವ ಅವಳೆಸ್ರಲ್ಲೂ ಒಂದು ಆಕು, ನಿಂಗೆ ಯೋಳಬ್ಯಾಡ ಅಂದಿದ್ಲು."

ನಾವಿಬ್ಬರೂ ಒಟ್ಟಿಗೆ ಹಿಂದೆ ತಿರುಗಿ ಅತ್ತೆಯನ್ನು ನೋಡಿದೆವು. ಅತ್ತೆ ಸೀರೆಯ ಅಂಚನ್ನು ಬಹಳ ಗಮನವಿಟ್ಟು ಸರಿಮಾಡಿಕೊಳ್ಳುತ್ತಿದ್ದರು.

"ನಿಮ್ಮಲ್ಲೊಬ್ರು ಮರ್ತುಬುಟ್ರೆ ಅಂತ ಇಬ್ರಿಗೂ ಯೋಳ್ದೆ ಕಣ್ರವ್ವ. ನಾನೇನು ಕಂಡೆ" ಅಂದರು. ಆಮೇಲೆ, "ಜಾಸ್ತಿಯಾದ್ರೆ ಇಳಿಯಕ್ಕೂ ಬುಡಕಿಲ್ವಾ? ಇದೆಂತಾ ದರಿದ್ರದ ಗಾಡಿ" ಎಂದು ವಿಮಾನಕ್ಕೇ ಬೈದರು.

ಒಂದು ಮನೆಯಿಂದ ನಾಲ್ಕು ಹಿಡಿ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ವಿಮಾನ ಓರೆಯಾಗಿ ಮೊದಲ ಸುತ್ತು ತಿರುಗಿತು. ಕೊಯಮತ್ತೂರಿಗೆ ಹೋಗುವವರು ಕಾಯುವ ಜಾಗ ಅಂತ ಇವರು ಹಿಡಿದದ್ದು ನಮ್ಮ ಬೆಟ್ಟಗಳ ಮೇಲೇ ಬೀಳುತ್ತದೆ ಅಂತ ನಾನು ನಕ್ಷೆಯಲ್ಲಿ ಗಮನಿಸಿರಲಿಲ್ಲ. ರೆಕ್ಕೆಯ ಕೆಳಗೆ ಕಪ್ಪು ಹಸಿರು ಗುಡ್ಡಗಳು, ಆಚೆ ಕಾವೇರಿ, ಅದರಾಚೆ ಮೆಟ್ಟೂರಿನ ನೀರು ಹರಡಿಕೊಂಡು ಹೊಳೆಯುತ್ತಿತ್ತು.

ಇವರ ತಲೆಯ ಆಟ ನಿಂತಿತು. ನೆಟ್ಟಗೆ ನೋಡುತ್ತಿದ್ದರು.

"ಅಗಾ ಅದು ಗೋಪಿನಾಥದ ಕಡೆ. ಅಗಾ, ಆ ಗೆರೆ ಅದಲ್ಲ, ಅದೇ ರಸ್ತೆ. ಅಲ್ಲಿ ಒಂದು ತಿರುವಲ್ಲಿ ಒಬ್ಬಮ್ಮ ದಿನಾ 'ಅಣ್ಣೇ, ಕೊಂಜ ನಿಲ್ಲುಂಗ' ಅಂತ ತಮಿಳಲ್ಲಿ ಕೂಗ್ತ ಓಡಿ ಬರೋಳು. ಒಂದಿನಾನೂ ಟೈಮಿಗೆ ಬಂದೋಳಲ್ಲ."

"ನೀವು ನಿಲ್ಲಿಸ್ತಿದ್ರಾ?"

"ನಿಲ್ಲಿಸ್ದೆ? ಇದ್ದಿದ್ದೇ ಅದೊಂದು ಬಸ್ಸು."

ಎರಡನೆಯ ಸುತ್ತಿಗೆ ಅತ್ತೆಯೂ ಎದ್ದು ಬಂದು ನಿಂತರು. ಕೌದಳ್ಳಿ ಯಾವುದು ಅಂತ ಕೇಳಿದರು. ಇವರು ಒಂದು ತಿಳಿಹಸಿರು ಮಚ್ಚೆ ತೋರಿಸಿದರು. ನಮ್ಮ ಮನೆ ಕಾಣುವುದಿಲ್ಲವಾ ಅಂದರು ಅತ್ತೆ. ಅಷ್ಟು ಚಿಕ್ಕದೆಲ್ಲ ಅದರಲ್ಲಿಲ್ಲ ಕಣವ್ವ ಅಂದರು ಇವರು. ಬಸ್ಸಿಳಿದ ಮೇಲೆ ಇವರು ಆ ರಸ್ತೆಯ ಬಗ್ಗೆ ಬಾಯಿಬಿಟ್ಟದ್ದು ಅವತ್ತೇ. ಯಾವ ತಿರುವಿನಲ್ಲಿ ಆನೆ ನಿಂತಿತ್ತು, ಎಲ್ಲಿ ಗೇರ್ ಇಳಿಸಬೇಕು, ಯಾವ ಮರದ ಬುಡದಲ್ಲಿ ಮೀನಿನವರು ಕಾಯುತ್ತಿದ್ದರು, ಒಂದೊಂದಾಗಿ ಹೇಳಿದರು. ಎಣ್ಣೆ ನಿಧಾನವಾಗಿ ಕರಗುತ್ತಿತ್ತು. ಇನ್ನು ಸ್ವಲ್ಪ ಇರಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅದೇ ಹೊತ್ತಿಗೆ, ಅಯ್ಯೋ, ಫೇಲಾದರೆ ಗತಿಯೇನು ಅಂತಲೂ ಅನ್ನಿಸುತ್ತಿತ್ತು.

ಪರೀಕ್ಷಕರು ವಾಪಸು ಬಂದರು. ಭಾರ ಇಳಿಯಿತು. ನಾನೂ ಅತ್ತೆಯೂ ಹೋಗಿ ಗೋಡೆ ಹಿಡಿದೆವು. ಇವರು ವಿಮಾನವನ್ನು ಕೊಯಮತ್ತೂರಿನ ರನ್‌ವೇ ಮೇಲೆ ಇಳಿಸಿದ ರೀತಿ, ತುಂಬಿದ ಕೊಡವನ್ನು ಜಗಲಿಯ ಮೇಲೆ ಇಟ್ಟ ಹಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಪರೀಕ್ಷಕರು ಹೇಳಿದರು, "ಇಳಿಸಿದ್ದು ಬಹಳ ಚೆನ್ನಾಗಿತ್ತು. ನಾನು ಹೊತ್ತಿಸಿದ ದೀಪವನ್ನು ಕೂಡಲೇ ಹಿಡಿದಿರಿ, ಸುಮಾರು ಜನ ಅದನ್ನು ನೋಡುವುದೇ ಇಲ್ಲ. ಓಡಿಸುವುದರಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ. ಆದರೆ ಪಾಸು ಮಾಡಲಿಕ್ಕೆ ಆಗುವುದಿಲ್ಲ ಸರ್. ತೂಕ ನೋಡದೆ ಹೊರಟಿದ್ದೀರಿ, ಎಣ್ಣೆಯ ಲೆಕ್ಕ ಪೂರ್ತಿ ತಪ್ಪು. ಬರುವ ತಿಂಗಳು ಮತ್ತೆ ಬನ್ನಿ. ಲೆಕ್ಕ ಮಾಡಿದವರಿಗೂ ಸ್ವಲ್ಪ ಹೇಳಿ."

ದನಿ ನಿಂತಿತು. ಇವರು ಬೆನ್ನು ಹಾಕಿ ಕೂತಿದ್ದರು. ಹೆಗಲು ಅಲ್ಲಾಡುತ್ತಿತ್ತು. ನಾನು ಹೆದರಿ ಹತ್ತಿರ ಹೋದೆ. ನೋಡಿದರೆ ನಗುತ್ತಿದ್ದಾರೆ! ಕಣ್ಣಲ್ಲಿ ನೀರು ಬರುವಷ್ಟು ನಗು.

"ಅವ್ವಾ, ಫೇಲಾದೆ ಕಣವ್ವ!"

"ಫೇಲಾಗಿ ನಗ್ತೀಯಲ್ಲಲಾ, ನಿಂಗೇನು ಬಂದದೆ?"

"ಎಣ್ಣೆಗೆ ಫೇಲಾದೆ ಕಣವ್ವ. ಕಣ್ಣಿಗಲ್ಲ. ಕಣ್ಣು ಪಾಸು!"

ಅತ್ತೆಗೆ ಎಷ್ಟು ಅರ್ಥವಾಯಿತೋ, ಮಗನ ತಲೆ ಸವರಿದರು. ನನಗೆ ಲೆಕ್ಕ ತಪ್ಪಾಯಿತೆಂದು ಅನ್ನಿಸಿಕೊಂಡ ಅವಮಾನ ಸ್ವಲ್ಪವೂ ಆಗಲಿಲ್ಲ, ಸಂತೋಷವೇ ಆಯಿತು. ಲೆಕ್ಕ ತಪ್ಪಿ ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲ ಸಲ.

ಅವತ್ತು ಸಂಜೆ ನಾನು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಇವರು ಬಂದು ಪಕ್ಕದ ಮಣೆಯ ಮೇಲೆ ಕೂತರು. ಕೈಯಲ್ಲಿ ಡ್ರಾಪ್ಸಿನ ಬಾಟಲಿ ಇತ್ತು. ನಾನು ಜ್ಞಾಪಿಸಿರಲಿಲ್ಲ, ಬೈದೂ ಇರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಾಟಲಿ ತೆಗೆದುಕೊಂಡೆ. ಇವರು ತಲೆ ಹಿಂದಕ್ಕೆ ಮಾಡಿ ಕಣ್ಣು ಅಗಲವಾಗಿ ತೆರೆದರು.

"ಒಂದೊಂದೇ ತೊಟ್ಟು ಕಣೇ" ಅಂದರು. "ಯಳಂದೂರ ಅಳತೇಲಿ ಆಕು. ಕೌದಳ್ಳಿದು ಬ್ಯಾಡ."